ಅಮ್ಮನ ಡೈರಿಯ ಚಾಕೊಲೇಟ್ ಕೇಕ್: ‘ಸೋಡಾ ಅರ್ಧ ಚಮಚ’ ಅಂದರೆ ಎಷ್ಟು?

ಅಮ್ಮ ರೆಸಿಪಿ ಬರೆದಿಟ್ಟಿರುವುದು ಒಂದು ಹಳೇ ಡೈರಿಯಲ್ಲಿ. ಹಾಲಿನವರ ಲೆಕ್ಕ, ಚೀಟಿ ದುಡ್ಡಿನ ಲೆಕ್ಕ, ನಡುನಡುವೆ ಒಂದೊಂದು ಅಡುಗೆ. ಅದರಲ್ಲಿ ಒಂದು ಪುಟ ಮಾತ್ರ ಬೆಣ್ಣೆ ಕೈ ತಾಗಿ ತಾಗಿ ಎಣ್ಣೆ ಕಾಗದದ ಹಾಗಾಗಿದೆ. ಬೆಳಕಿಗೆ ಹಿಡಿದರೆ ಹಿಂದಿನ ಪುಟದ ಹಾಲಿನ ಲೆಕ್ಕವೂ ಕಾಣುತ್ತದೆ. ಅದು ಚಾಕೊಲೇಟ್ ಕೇಕಿನ ಪುಟ. ಮಂಡ್ಯದ ನಮ್ಮ ಮನೆಯಲ್ಲಿ ಮೂವರು ಮಕ್ಕಳ ಹುಟ್ಟುಹಬ್ಬಕ್ಕೂ ಇದೇ ಕೇಕ್. ಪುಟದಲ್ಲಿರುವುದು ಇಷ್ಟೇ:

“ಮೈದಾ 1 ಪಾವು. ಸಕ್ಕರೆ 1 ಪಾವು. ಬೆಣ್ಣೆ 4 ಔನ್ಸ್. ಕೋಕೋ 4 ದೊಡ್ಡ ಚಮಚ. ಮೊಟ್ಟೆ 2. ಹುಳಿ ಮಜ್ಜಿಗೆ ಅರ್ಧ ಪಾವು. ಸೋಡಾ ಅರ್ಧ ಚಮಚ. ವೆನಿಲಾ. ಒಂದೇ ದಿಕ್ಕಿಗೆ ಕಲಸು. ಹದವಾಗಿ ಬೇಯಿಸು. ಹಗಲು ಹೊತ್ತು ಮಾಡು.”

ಮೈಸೂರಿಗೆ ಬಂದು ಸ್ವಂತ ಓವನ್ ಕೊಂಡ ಮೇಲೆ ನಾನು ಮೊದಲು ಮಾಡಿದ್ದು ಇದನ್ನೇ. ಅಕ್ಷರಕ್ಕೆ ಅಕ್ಷರ ಪಾಲಿಸಿದೆ. ಇಪ್ಪತ್ತು ನಿಮಿಷಕ್ಕೆ ಚೆನ್ನಾಗಿ ಉಬ್ಬಿತು. ಇಪ್ಪತ್ತೈದಕ್ಕೆ ನಟ್ಟನಡುವೆ ಕುಳಿ ಬಿತ್ತು. ತಣ್ಣಗಾದ ಮೇಲೆ ಕತ್ತರಿಸಿದರೆ ತಳದಲ್ಲಿ ಹಲ್ವದಂಥ ಅಂಟು ಪದರ. ಬಾಯಿಗಿಟ್ಟರೆ ನಾಲಿಗೆಯ ಹಿಂದೆ ಸೋಪಿನ ರುಚಿ. ಅಮ್ಮನ ಕೇಕಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ತಪ್ಪು ಎಲ್ಲಾಯಿತು ಅಂತ ಹುಡುಕಲು ಹೊರಟು ನಾಲ್ಕೈದು ತಿಂಗಳು ಕಳೆದೆ. ರೆಸಿಪಿಯಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಆದರೆ ಅದರಲ್ಲಿದ್ದ ಒಂದೊಂದು ಮಾತೂ ಮಂಡ್ಯದ ಆ ಅಡುಗೆಮನೆಯ ಯಾವುದೋ ಒಂದು ಪಾತ್ರೆಗೆ, ಡಬ್ಬಿಗೆ, ಒಲೆಗೆ ಅಂಟಿಕೊಂಡಿತ್ತು. ‘ಚಮಚ’ ಅಂದರೆ ಯಾವುದೋ ಒಂದು ಚಮಚ ಅಲ್ಲ, ಆ ಗೂಡಿನಲ್ಲಿದ್ದ ಅದೇ ಚಮಚ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಡೈರಿ ಇದ್ದರೆ, ಅದನ್ನು ಇವತ್ತಿನ ಅಡುಗೆಮನೆಗೆ ಹೇಗೆ ತರುವುದು ಅಂತ ನಾನು ಕಂಡುಕೊಂಡಷ್ಟನ್ನು ಇಲ್ಲಿ ಹೇಳುತ್ತೇನೆ.

ಮೊದಲು ಪಾತ್ರೆ ಅಳೆಯಿರಿ

ಪಾವು, ಚಟಾಕು, ಸೇರು ನಮ್ಮ ಹಳೇ ಮೈಸೂರಿನ ಕಡೆ ಎಲ್ಲರಿಗೂ ಗೊತ್ತು. ನಾಲ್ಕು ಚಟಾಕಿಗೆ ಒಂದು ಪಾವು, ನಾಲ್ಕು ಪಾವಿಗೆ ಒಂದು ಸೇರು. ತೊಂದರೆ ಏನೆಂದರೆ ಸೇರು ಊರಿಂದೂರಿಗೆ ಬೇರೆ ಇತ್ತು. ದೇಶಕ್ಕೆಲ್ಲ ಒಂದೇ ಮೆಟ್ರಿಕ್ ಅಳತೆ ಅಂತ ಕಾನೂನು ಬಂದಿದ್ದು 1956ರಲ್ಲಿ. ಅದಾಗಿ ಎಷ್ಟೋ ವರ್ಷ ಕಳೆದರೂ ಅಡುಗೆಮನೆಯಲ್ಲಿ ಪಾವು ಉಳಿದುಕೊಂಡಿತು, ಈಗಲೂ ಅಕ್ಕಿ ಅಳೆಯಲು ಅದೇ ಬೇಕು. ಹಾಗಾಗಿ ಪಾವಿಗೆ ಎಷ್ಟು ಮಿಲಿಲೀಟರ್ ಅಂತ ಇಂಟರ್ನೆಟ್ಟಿನಲ್ಲಿ ಹುಡುಕಬೇಡಿ. ನಿಮ್ಮ ಮನೆಯ ಪಾವನ್ನೇ ತೂಕದ ಮೇಲಿಟ್ಟು ಕಂಠಮಟ್ಟ ನೀರು ತುಂಬಿ. ಎಷ್ಟು ಗ್ರಾಂ ನೀರೋ ಅಷ್ಟು ಮಿಲಿಲೀಟರ್. ನಮ್ಮನೆ ಹಿತ್ತಾಳೆ ಪಾವು 240 ತೋರಿಸಿತು.

ಇಷ್ಟಕ್ಕೇ ಮುಗಿಯಲಿಲ್ಲ. ಪಾವು ಜಾಗವನ್ನು ಅಳೆಯುತ್ತದೆ, ಕೇಕಿಗೆ ಬೇಕಾಗಿರುವುದು ತೂಕ. ಮೈದಾ ಡಬ್ಬಿಗೆ ಪಾವು ಅದ್ದಿ ಕುಟ್ಟಿ ತುಂಬಿದರೆ 150 ಗ್ರಾಂ ಹಿಡಿಯಿತು. ಜರಡಿ ಹಿಡಿದ ಹಿಟ್ಟನ್ನು ಚಮಚದಲ್ಲಿ ಉದುರಿಸಿ ತುಂಬಿದರೆ 120 ಗ್ರಾಂ. ಸಕ್ಕರೆಯದು ಇನ್ನೂ ದೊಡ್ಡ ಕಥೆ. ಕಬ್ಬಿನ ನಾಡಾದ ಮಂಡ್ಯದಲ್ಲಿ 1933ರಿಂದಲೂ ಸಕ್ಕರೆ ಕಾರ್ಖಾನೆ ಇದೆ, ನಮಗೆ ಸಕ್ಕರೆ ಅಂದರೆ ದಪ್ಪ ಹರಳು. ಅಮ್ಮ ಅದನ್ನು ಮಿಕ್ಸಿಯಲ್ಲಿ ಎರಡೇ ಸುತ್ತು ತಿರುಗಿಸಿ ಚಿರೋಟಿ ರವೆಯ ಹದಕ್ಕೆ ತರುತ್ತಿದ್ದಳು. ಆ ಹದದಲ್ಲಿ ಒಂದು ಪಾವಿಗೆ 190 ಗ್ರಾಂ ಬರುತ್ತದೆ. ನಾನು ನುಣ್ಣಗೆ ಪೌಡರಿನ ಹಾಗೆ ಪುಡಿ ಮಾಡಿದ್ದೆ. ನುಣ್ಣನೆ ಪುಡಿ ಗಾಳಿ ತುಂಬಿಕೊಂಡು ಹಗುರಾಗಿ ನಿಲ್ಲುತ್ತದೆ. ಅದೇ ಪಾವಿಗೆ 140 ಗ್ರಾಂ ಮಾತ್ರ. ಪುಟದಲ್ಲಿ ಇರುವುದು ‘ಸಕ್ಕರೆ 1 ಪಾವು’. ಐವತ್ತು ಗ್ರಾಂ ಎಲ್ಲಿ ಹೋಯಿತು ಅಂತ ಪುಟ ಹೇಳುವುದಿಲ್ಲ.

ಬೆಣ್ಣೆಗೆ ಔನ್ಸ್ ಯಾಕೆ ಅಂತ ಕೇಳಬಹುದು. ಕೇಕು ನಮ್ಮ ಮನೆಗಳಿಗೆ ಬಂದಿದ್ದೇ ಪೌಂಡು, ಔನ್ಸಿನ ಲೆಕ್ಕದಲ್ಲಿ, ಯಾರೋ ಕಲಿತವರಿಂದ ಕಲಿಯದವರಿಗೆ. ಒಂದು ಔನ್ಸಿಗೆ 28.35 ಗ್ರಾಂ, ನಾಲ್ಕಕ್ಕೆ 113. ಈ ಲೆಕ್ಕ ಸುಲಭ. ಕಷ್ಟ ಇರುವುದು ‘ಬೆಣ್ಣೆ’ ಅನ್ನುವ ಮಾತಿನಲ್ಲಿ. ಅಮ್ಮನದು ಮನೆಯಲ್ಲಿ ಕಡೆದ ಬಿಳಿ ಬೆಣ್ಣೆ. ಅಂಗಡಿಯ ಬೆಣ್ಣೆಯಲ್ಲಿ ಕಡಿಮೆ ಅಂದರೂ ಶೇಕಡಾ 80 ಕೊಬ್ಬು ಇರುತ್ತದೆ. ಮನೆ ಬೆಣ್ಣೆಯಲ್ಲಿ ಮಜ್ಜಿಗೆ ಉಳಿದಿರುತ್ತದೆ, ಎಷ್ಟು ಹಿಂಡಿದರೂ. ಒಂದು ದಿನ 100 ಗ್ರಾಂ ಮನೆ ಬೆಣ್ಣೆ ಕಾಯಿಸಿ ನೋಡಿದೆ, 72 ಗ್ರಾಂ ತುಪ್ಪ ಬಂತು. ಹಳದಿ ಬೆಣ್ಣೆ ಹಾಕುವವರು ಆ ಲೆಕ್ಕಕ್ಕೆ 100 ಗ್ರಾಂ ಹಾಕಿ ಎರಡು ಚಮಚ ಮಜ್ಜಿಗೆ ಜಾಸ್ತಿ ಮಾಡಿದರೆ ಸರಿಹೋಗುತ್ತದೆ. ಉಪ್ಪಿಲ್ಲದ ಬೆಣ್ಣೆ ಸಿಕ್ಕರೆ ಅದನ್ನೇ ತನ್ನಿ.

ಮೊಟ್ಟೆಯೂ ಅಷ್ಟೇ. ಆಗ ಹಿತ್ತಲಲ್ಲಿ ನಾಟಿ ಕೋಳಿ ಇದ್ದವು, ಮೊಟ್ಟೆ ಚಿಕ್ಕವು. ಸಿಪ್ಪೆ ತೆಗೆದರೆ ಎರಡಕ್ಕೂ ಸೇರಿ ಎಂಬತ್ತು ಗ್ರಾಂ ಬಂದರೆ ಹೆಚ್ಚು. ಈಗಿನ ಫಾರಂ ಮೊಟ್ಟೆ ಎರಡಕ್ಕೆ ನೂರು ಗ್ರಾಂ.

ಇನ್ನು ಸೋಡಾದ ಚಮಚ. ಇದನ್ನು ಮುಂದೆ ಹೇಳುತ್ತೇನೆ, ಯಾಕೆಂದರೆ ಅದಕ್ಕೆ ಮೊದಲು ಕೋಕೋ ವಿಷಯ ತಿಳಿಯಬೇಕು.

ಕೋಕೋ ಹುಳಿಯೋ, ಸಪ್ಪೆಯೋ?

ಕೋಕೋ ಹಣ್ಣನ್ನು ನೀವು ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ನೋಡಿರಬಹುದು. ಅಡಿಕೆ ಮರದ ನೆರಳಲ್ಲೇ ಬೆಳೆಯುತ್ತದೆ. ಕ್ಯಾಂಪ್ಕೋದವರು 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆದಿದ್ದೇ ಆ ಬೆಳೆಗಾರರಿಗಾಗಿ. ಹಣ್ಣು ಒಡೆದರೆ ಬೀಜದ ಸುತ್ತ ಬಿಳಿ ಸಿಹಿ ತಿರುಳು. ತಿರುಳಿನ ಸಮೇತ ಬೀಜವನ್ನು ಐದಾರು ದಿನ ರಾಶಿ ಹಾಕಿ ಮುಚ್ಚಿಡುತ್ತಾರೆ. ಇಡ್ಲಿ ಹಿಟ್ಟಿನ ಹಾಗೆ ಅದು ಹುದುಗುತ್ತದೆ, ಬಿಸಿಯಾಗುತ್ತದೆ, ಹುಳಿಯಾಗುತ್ತದೆ. ಚಾಕೊಲೇಟಿನ ರುಚಿ ಹುಟ್ಟುವುದು ಅಲ್ಲೇ. ಆ ಹುಳಿಯ ಒಂದಂಶ ಒಣಗಿಸಿ ಹುರಿದು ಪುಡಿ ಮಾಡಿದ ಮೇಲೂ ಉಳಿದಿರುತ್ತದೆ. ಹಾಗಾಗಿ ಏನೂ ಸೇರಿಸದ ಕೋಕೋ ಪುಡಿ ಸ್ವಲ್ಪ ಹುಳಿ.

ಹಾಲೆಂಡಿನ ವಾನ್ ಹೌಟನ್ ಮನೆತನದವರು 1828ರಲ್ಲಿ ಕೋಕೋದಿಂದ ಕೊಬ್ಬನ್ನು ಹಿಂಡಿ ತೆಗೆಯುವ ಯಂತ್ರಕ್ಕೆ ಪೇಟೆಂಟ್ ಪಡೆದರು. ಬೀಜದಲ್ಲಿ ಅರ್ಧದಷ್ಟು ಕೊಬ್ಬೇ ಇರುತ್ತದೆ, ಹಿಂಡಿ ತೆಗೆದ ಮೇಲೆ ಉಳಿದ ಹಿಂಡಿಯನ್ನು ಪುಡಿ ಮಾಡಬಹುದು. ಆ ಪುಡಿ ನೀರಿನಲ್ಲಿ ಚೆನ್ನಾಗಿ ಬೆರೆಯಲಿ ಅಂತ ಅವರೇ ಅದಕ್ಕೆ ಕ್ಷಾರ ಸೇರಿಸುವುದನ್ನೂ ಶುರು ಮಾಡಿದರು. ಕ್ಷಾರ ಹುಳಿಯನ್ನು ಮುರಿಯುತ್ತದೆ. ಬಣ್ಣ ಕಡುವಾಗುತ್ತದೆ, ರುಚಿ ಮೆತ್ತಗಾಗುತ್ತದೆ. ಈಗ ಇದನ್ನು ಡಚ್ ಕೋಕೋ ಅನ್ನುತ್ತಾರೆ. ಹುಳಿ ಕೋಕೋದ ಪಿಎಚ್ ಐದೂವರೆಯ ಆಸುಪಾಸು ಇದ್ದರೆ, ಡಚ್ ಕೋಕೋದ್ದು ಏಳರಿಂದ ಎಂಟು. ಪಿಎಚ್ ಏಳು ಅಂದರೆ ನೀರಿನ ಹಾಗೆ, ಹುಳಿಯೂ ಅಲ್ಲ ಕ್ಷಾರವೂ ಅಲ್ಲ.

ನಾನು ತಂದ ಪ್ಯಾಕೆಟ್ ಡಚ್ ಕೋಕೋ. ಅಮ್ಮನ ಡಬ್ಬಿಯದು ಹುಳಿ ಕೋಕೋ. ಈ ಒಂದು ಬದಲಾವಣೆಯೇ ಸೋಡಾದ ಲೆಕ್ಕವನ್ನು ಕೆಡಿಸಲು ಸಾಕಿತ್ತು.

ನಿಮ್ಮಲ್ಲಿರುವುದು ಯಾವುದು ಅಂತ ನೋಡಲು ಪ್ಯಾಕೆಟ್ಟಿನ ಹಿಂದೆ ಓದಿ. ಅಸಿಡಿಟಿ ರೆಗ್ಯುಲೇಟರ್ 500 ಅಥವಾ 501 ಅಂತ ಇದ್ದರೆ ಕ್ಷಾರ ಸೇರಿಸಿದ್ದಾರೆ ಅಂತಲೇ ಅರ್ಥ. ಪ್ಯಾಕೆಟ್ ಎಸೆದಿದ್ದರೆ ಇನ್ನೊಂದು ದಾರಿ ಇದೆ. ಒಂದು ಚಮಚ ಕೋಕೋವನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಕಲಸಿ ಚಿಟಿಕೆ ಸೋಡಾ ಉದುರಿಸಿ. ಹುಳಿ ಕೋಕೋ ಆದರೆ ಸಣ್ಣಗೆ ನೊರೆ ಏಳುತ್ತದೆ. ಡಚ್ ಆದರೆ ಸುಮ್ನೆ ಇರುತ್ತದೆ.

ಸೋಡಾ, ಮಜ್ಜಿಗೆ, ಸೋಪಿನ ರುಚಿ

ಬೋಂಡಾ ಸೋಡಾ ಅಂತ ನಾವು ಕರೆಯುವುದು ಸೋಡಿಯಂ ಬೈಕಾರ್ಬೊನೇಟ್. ಅದಕ್ಕೆ ಹುಳಿ ಸೇರಿದರೆ ಕಾರ್ಬನ್ ಡೈಆಕ್ಸೈಡ್ ಗಾಳಿ ಬಿಡುತ್ತದೆ, ಕೇಕ್ ಉಬ್ಬುತ್ತದೆ. ಹುಳಿಗೂ ಸೋಡಾಕ್ಕೂ ಲೆಕ್ಕ ಸರಿಹೋದರೆ ಎರಡೂ ಒಂದನ್ನೊಂದು ತಿಂದು ಮುಗಿಸುತ್ತವೆ, ಬಾಯಿಗೆ ಏನೂ ಗೊತ್ತಾಗುವುದಿಲ್ಲ. ಹುಳಿ ಸಾಲದೆ ಹೋದರೆ ಸೋಡಾ ಹಾಗೇ ಉಳಿಯುತ್ತದೆ. ಓವನ್ನಿನ ಶಾಖಕ್ಕೆ ಉಳಿದ ಸೋಡಾ ಸೋಡಿಯಂ ಕಾರ್ಬೊನೇಟ್ ಆಗಿ ಬದಲಾಗುತ್ತದೆ. ಅದಕ್ಕೆ ನಮ್ಮ ಮನೆಗಳಲ್ಲಿ ಬೇರೆ ಹೆಸರಿದೆ, ಬಟ್ಟೆ ಒಗೆಯುವ ಸೋಡಾ. ನನ್ನ ಕೇಕಿನಲ್ಲಿ ಸೋಪಿನ ರುಚಿ ಬಂದಿದ್ದು ಯಾಕೆ ಅಂತ ಈಗ ತಿಳಿಯಿತಲ್ವಾ?

ಲೆಕ್ಕ ಹೀಗಿದೆ. ಅರ್ಧ ಪಾವು, ಅಂದರೆ 120 ಮಿಲಿಲೀಟರ್ ಚೆನ್ನಾಗಿ ಹುಳಿ ಬಂದ ಮಜ್ಜಿಗೆ ಕಾಲು ಟೀ ಚಮಚ ಸೋಡಾವನ್ನು ಮುರಿಯುತ್ತದೆ. ಹುಳಿ ಕೋಕೋ ಇನ್ನೊಂಚೂರನ್ನು ಮುರಿಯುತ್ತದೆ. ಅರ್ಧ ಟೀ ಚಮಚ ಜಾಸ್ತಿಯೇ. ಹಾಗಾದರೆ ಅಮ್ಮ ಅರ್ಧ ಚಮಚ ಅಂತ ಯಾಕೆ ಬರೆದಳು?

ಮಂಡ್ಯಕ್ಕೆ ಹೋದಾಗ ಕೇಳಿದೆ. ಅಮ್ಮ ಗೂಡಿನಿಂದ ಸೋಡಾ ಡಬ್ಬಿ ತೆಗೆದಳು. ಮುಚ್ಚಳ ತೆಗೆದರೆ ಒಳಗೇ ಒಂದು ಪುಟ್ಟ ಸ್ಟೀಲ್ ಚಮಚ. ಹಿಡಿ ಮುರಿದಿದೆ, ಅಂಚು ಸವೆದಿದೆ. ಮಕ್ಕಳಿಗೆ ಔಷಧಿ ಕುಡಿಸಲು ತಂದಿದ್ದಂತೆ, ಮಕ್ಕಳು ದೊಡ್ಡವರಾದ ಮೇಲೆ ಸೋಡಾ ಡಬ್ಬಿಗೆ ಬಿತ್ತು. ನೀರು ತುಂಬಿ ತೂಗಿದೆ. ಮೂರು ಗ್ರಾಂ. ಟೀ ಚಮಚಕ್ಕೆ ಐದು ಹಿಡಿಯಬೇಕು. ಅಮ್ಮನ ‘ಅರ್ಧ ಚಮಚ’ ನನ್ನ ಟೀ ಚಮಚದಲ್ಲಿ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಹುಳಿ ಮಜ್ಜಿಗೆಗೂ ಹುಳಿ ಕೋಕೋಗೂ ಅದು ಸರಿಯಾಗಿ ಕೂರುತ್ತದೆ. ನಾನು ಹಾಕಿದ್ದು ಅದರ ಒಂದೂವರೆ ಪಟ್ಟಿಗಿಂತಲೂ ಹೆಚ್ಚು, ಅದೂ ಹುಳಿಯೇ ಇಲ್ಲದ ಡಚ್ ಕೋಕೋದ ಜೊತೆ, ಪ್ಯಾಕೆಟ್ ಮೊಸರು ಕಡೆದ ಸಿಹಿ ಮಜ್ಜಿಗೆಗೆ.

ಹಾಗಾಗಿ ಡಚ್ ಕೋಕೋ ಹಾಕುವವರು ಸೋಡಾವನ್ನು ಕಾಲು ಟೀ ಚಮಚಕ್ಕೆ ನಿಲ್ಲಿಸಿ, ಜೊತೆಗೆ ಅರ್ಧ ಟೀ ಚಮಚ ಬೇಕಿಂಗ್ ಪೌಡರ್ ಹಾಕಿ. ಬೇಕಿಂಗ್ ಪೌಡರ್ ಅಂದರೆ ಸೋಡಾಕ್ಕೆ ಬೇಕಾದ ಹುಳಿಯನ್ನು ಪುಡಿಯ ರೂಪದಲ್ಲಿ ಜೊತೆಗೇ ಬೆರೆಸಿರುವುದು. ಮಜ್ಜಿಗೆಯನ್ನು ಹಿಂದಿನ ರಾತ್ರಿಯೇ ಫ್ರಿಜ್ಜಿನಿಂದ ಹೊರಗಿಡಿ. ಡಿಸೆಂಬರಿನ ಚಳಿಯಲ್ಲಿ ಮೈಸೂರಿನಲ್ಲಿ ಮೊಸರು ಬೇಗ ಹುಳಿಯಾಗುವುದಿಲ್ಲ, ಆಗ ಅರ್ಧ ಚಮಚ ನಿಂಬೆರಸ ಹಿಂಡಿದರೆ ಆಯಿತು.

ಕುಳಿ ಬಿದ್ದಿದ್ದಕ್ಕೂ ಇದೇ ಕಾರಣ. ಕೇಕ್ ಹಿಟ್ಟಿನಲ್ಲಿ ಗುಳ್ಳೆಗಳು ಎಲ್ಲಿಂದ ಬರುತ್ತವೆ ಅಂತ ಒಂದು ನಿಮಿಷ ಯೋಚಿಸಿ. ಸೋಡಾ ಹೊಸ ಗುಳ್ಳೆ ಹುಟ್ಟಿಸುವುದಿಲ್ಲ. ಬೆಣ್ಣೆ, ಸಕ್ಕರೆ ಸೇರಿಸಿ ಉಜ್ಜುವಾಗಲೇ ಗುಳ್ಳೆಗಳು ಹುಟ್ಟಿರುತ್ತವೆ. ಸಕ್ಕರೆಯ ಹರಳಿನ ಚೂಪು ಅಂಚು ಬೆಣ್ಣೆಯನ್ನು ಸೀಳಿಕೊಂಡು ಹೋಗುವಾಗ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಸೋಡಾದ ಗಾಳಿ ಬಂದು ಆ ಗುಳ್ಳೆಗಳನ್ನೇ ಊದಿಸುತ್ತದೆ. ಚಿರೋಟಿ ರವೆಯ ಹದ ಯಾಕೆ ಬೇಕು ಅಂದರೆ ಇದಕ್ಕೇ. ತೀರಾ ನುಣ್ಣಗಾದರೆ ಸೀಳಲು ಅಂಚೇ ಇರುವುದಿಲ್ಲ. ದಪ್ಪ ಹರಳಾದರೆ ಗುಳ್ಳೆ ಕಡಿಮೆ, ಮೇಲೆ ಸಕ್ಕರೆ ಕರಗದೆ ಚುಕ್ಕೆ ಚುಕ್ಕೆ. ಬೆಣ್ಣೆಯೂ ಬೆರಳು ಒತ್ತಿದರೆ ಗುರುತು ಬೀಳುವಷ್ಟು ಗಟ್ಟಿ ಇರಬೇಕು. ಏಪ್ರಿಲ್ ತಿಂಗಳಲ್ಲಿ ಅದು ಕರಗಿ ಎಣ್ಣೆಯಾಗುತ್ತದೆ, ಎಣ್ಣೆಯಲ್ಲಿ ಗಾಳಿ ನಿಲ್ಲುವುದಿಲ್ಲ. ಆಗ ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ಉಜ್ಜಿ.

ಸೋಡಾ ಜಾಸ್ತಿಯಾದರೆ ಗುಳ್ಳೆ ಮಿತಿಮೀರಿ ಊದುತ್ತವೆ. ಒಂದಕ್ಕೊಂದು ಸೇರಿ ದೊಡ್ಡದಾಗುತ್ತವೆ. ಅವುಗಳ ಗೋಡೆ ಮೊಟ್ಟೆಯಿಂದಲೂ ಮೈದಾದಿಂದಲೂ ಗಟ್ಟಿಯಾಗುವ ಮೊದಲೇ ಒಡೆದು ಹೋಗುತ್ತವೆ. ಮೇಲಿದ್ದ ಹಿಟ್ಟು ಕುಸಿಯುತ್ತದೆ, ತಳದಲ್ಲಿ ಅಂಟು ಪದರವಾಗಿ ಕೂರುತ್ತದೆ. ಸಕ್ಕರೆ ಇದ್ದಷ್ಟೂ ಮೈದಾ ಗಟ್ಟಿಯಾಗುವುದು ತಡ. ಆದ್ದರಿಂದ ಚಾಕೊಲೇಟ್ ಕೇಕಿಗೆ ಈ ಅಪಾಯ ಇನ್ನೂ ಜಾಸ್ತಿ.

ಇದಕ್ಕೆ ನಮ್ಮ ಊರಿನ ಎತ್ತರವೂ ಸ್ವಲ್ಪ ಸೇರಿಕೊಳ್ಳುತ್ತದೆ. ಮೈಸೂರು ಸಮುದ್ರಮಟ್ಟಕ್ಕಿಂತ ಸುಮಾರು 770 ಮೀಟರ್ ಮೇಲಿದೆ. ಗಾಳಿಯ ಒತ್ತಡ ಕಡಿಮೆ, ಅಷ್ಟೇ ಸೋಡಾ ಇಲ್ಲಿ ಮಂಗಳೂರಿಗಿಂತ ಹತ್ತರಲ್ಲೊಂದು ಪಾಲು ಜಾಸ್ತಿ ಊದುತ್ತದೆ. ಕರಾವಳಿಯ ನೆಂಟರು ಕೊಟ್ಟ ರೆಸಿಪಿ ನಿಮ್ಮ ಮನೆಯಲ್ಲಿ ಕುಸಿದರೆ ಮೊದಲು ಸೋಡಾವನ್ನು ಒಂದು ಚಿಟಿಕೆ ಕಡಿಮೆ ಮಾಡಿ ನೋಡಿ. ಮಂಡ್ಯದಿಂದ ಮೈಸೂರಿಗೆ ತಂದ ರೆಸಿಪಿಗೆ ಇದು ಬೇಡ, ಎತ್ತರದ ವ್ಯತ್ಯಾಸ ನೂರು ಮೀಟರಿನಷ್ಟೂ ಇಲ್ಲ.

‘ಒಂದೇ ದಿಕ್ಕಿಗೆ ಕಲಸು’ ಅನ್ನುವುದರ ಬಗ್ಗೆ ಒಂದು ಮಾತು. ದಿಕ್ಕಿಗೂ ಕೇಕಿಗೂ ಸಂಬಂಧ ಇಲ್ಲ, ಎಡಕ್ಕೆ ತಿರುಗಿಸಿದರೂ ಬಲಕ್ಕೆ ತಿರುಗಿಸಿದರೂ ಮೈದಾಕ್ಕೆ ಗೊತ್ತಾಗುವುದಿಲ್ಲ. ಆದರೆ ಒಂದೇ ದಿಕ್ಕು ಅಂತ ಹೇಳಿದರೆ ಕೈ ತಾನಾಗಿಯೇ ನಿಧಾನವಾಗುತ್ತದೆ. ಅದೇ ಬೇಕಾಗಿದ್ದು. ಚಪಾತಿ ಹಿಟ್ಟನ್ನು ನಾದಿದಷ್ಟೂ ಜಿಗಿ ಬರುತ್ತದಲ್ಲ, ಮೈದಾದಲ್ಲೂ ಅದೇ ಜಿಗಿ ಇದೆ. ಚಪಾತಿಗೆ ಅದು ಬೇಕು, ಕೇಕಿಗೆ ಬೇಡ. ಹಿಟ್ಟು ಹಾಕಿದ ಮೇಲೆ ಒಣ ಮೈದಾ ಕಾಣದಷ್ಟು ಕಲಸಿದರೆ ಸಾಕು, ಒಂದೆರಡು ಗಂಟು ಉಳಿದರೂ ಚಿಂತೆಯಿಲ್ಲ. ಆಮೇಲೆ ತಡ ಮಾಡಬೇಡಿ. ಮಜ್ಜಿಗೆ ಬಿದ್ದ ಕ್ಷಣದಿಂದ ಸೋಡಾ ಗಾಳಿ ಬಿಡುತ್ತಲೇ ಇರುತ್ತದೆ.

‘ಹಗಲು ಹೊತ್ತು ಮಾಡು’

ಇದು ಏನು ಅಂತ ನನಗೆ ತುಂಬ ದಿನ ಅರ್ಥವಾಗಿರಲಿಲ್ಲ. ಬೆಳಕಿಗೋಸ್ಕರ ಇರಬೇಕು ಅಂದುಕೊಂಡಿದ್ದೆ. ಕೇಳಿದರೆ ಅಮ್ಮ ಹೇಳಿದ್ದು, “ಸಂಜೆ ಕರೆಂಟು ಸಣ್ಣಗಿರ್ತಿತ್ತಲ್ಲೋ.”

ಮೊದಲು ಅಮ್ಮ ಕೇಕ್ ಮಾಡುತ್ತಿದ್ದುದು ದೊಡ್ಡ ಅಲ್ಯೂಮಿನಿಯಂ ಪಾತ್ರೆಗೆ ಮರಳು ಹಾಕಿ, ಅದರ ಮೇಲೆ ಕೇಕ್ ತಟ್ಟೆ ಇಟ್ಟು, ಮುಚ್ಚಳದ ಮೇಲೆ ಕೆಂಡ ಹರಡಿ. ಆಮೇಲೆ ಬಂದಿದ್ದು ದುಂಡಗಿನ ಅಲ್ಯೂಮಿನಿಯಂ ಓವನ್. ಮುಚ್ಚಳದಲ್ಲಿ ಪುಟ್ಟ ಗಾಜಿನ ಕಿಟಕಿ, ಹಿಂದೆ ಪ್ಲಗ್ಗು, ಅಷ್ಟೇ. ಶಾಖ ಹೆಚ್ಚು ಕಡಿಮೆ ಮಾಡಲು ಏನೂ ಇಲ್ಲ. ಒಳಗಿನ ಸುರುಳಿ ಎಷ್ಟು ಕಾಯುತ್ತದೆ ಅನ್ನುವುದು ಲೈನಿನಲ್ಲಿ ಬರುವ ವೋಲ್ಟೇಜಿನ ಮೇಲೆ ನಿಂತಿತ್ತು. ಇಲ್ಲೊಂದು ಲೆಕ್ಕ ಇದೆ. ವೋಲ್ಟೇಜ್ ಅರ್ಧವಾದರೆ ಶಾಖ ಅರ್ಧ ಆಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. 230 ವೋಲ್ಟ್ ಬರಬೇಕಾದ ಕಡೆ 180 ಬಂದರೆ ಶಾಖ ಶೇಕಡಾ 61ಕ್ಕೆ ಬಂದು ನಿಲ್ಲುತ್ತದೆ. ಬಲ್ಬು ಒಂದಿಷ್ಟು ಮಂಕಾಯಿತು ಅನ್ನಿಸುವಷ್ಟರಲ್ಲಿ ಓವನ್ ಕೇಕ್ ಬೇಯಿಸುವ ಶಕ್ತಿಯನ್ನೇ ಕಳೆದುಕೊಂಡಿರುತ್ತದೆ. ಗುಳ್ಳೆ ಉಬ್ಬುತ್ತದೆ, ಗೋಡೆ ಗಟ್ಟಿಯಾಗುವುದಿಲ್ಲ. ಮತ್ತೆ ಅದೇ ಕುಳಿ. ಅಮ್ಮನಿಗೆ ಈ ಸೂತ್ರ ಗೊತ್ತಿರಲಿಲ್ಲ. ಆದರೆ ಎಷ್ಟು ಕೇಕ್ ಹಾಳಾದ ಮೇಲೆ ಆ ಮೂರು ಮಾತು ಬರೆದಳೋ.

ಈಗಿನ ಓವನ್ನಿನಲ್ಲಿ ಡಯಲ್ ಇದೆ. ಅದನ್ನು ಪೂರ್ತಿ ನಂಬಬೇಡಿ. ನನ್ನದು 180 ಅಂತ ತೋರಿಸುವಾಗ ಒಳಗೆ 200 ಇರುತ್ತದೆ. ಓವನ್ ಒಳಗಿಡುವ ಸಣ್ಣ ಥರ್ಮಾಮೀಟರ್ ಸಿಗುತ್ತದೆ, ಕೇಕ್ ಆಗಾಗ ಮಾಡುವವರು ಒಂದು ಕೊಳ್ಳುವುದು ಒಳ್ಳೆಯದು. ಇಲ್ಲದಿದ್ದರೆ ಅಮ್ಮನ ದಾರಿಯೇ ಇದೆ. ಕಾದ ತಟ್ಟೆಯ ಮೇಲೆ ಚಿಟಿಕೆ ಮೈದಾ ಉದುರಿಸಿ ಐದು ನಿಮಿಷ ಮುಚ್ಚಿಡಿ. ತಿಳಿ ಕಂದು ಆದರೆ ಹದ. ಬಿಳಿ ಉಳಿದರೆ ಇನ್ನೂ ಕಾಯಬೇಕು, ಕಡುಕಂದಾದರೆ ಜಾಸ್ತಿಯಾಯಿತು.

ತಟ್ಟೆಯ ಅಗಲವನ್ನೂ ನೋಡಿಕೊಳ್ಳಿ. ಅಮ್ಮನದು ಏಳು ಇಂಚಿನದು. ಎಂಟು ಇಂಚಿನದರಲ್ಲಿ ಹಾಕಿದರೆ ಒಂದೇ ಇಂಚು ವ್ಯತ್ಯಾಸ ಅನ್ನಿಸುತ್ತದೆ, ಆದರೆ ಜಾಗ ಶೇಕಡಾ 30 ಹೆಚ್ಚಾಗುತ್ತದೆ. ಕೇಕ್ ತೆಳ್ಳಗಾಗಿ ಬೇಗ ಒಣಗುತ್ತದೆ.

ಬೆಂದಿದೆಯಾ ಅಂತ ನೋಡಲು ತೆಂಗಿನ ಗರಿಯ ಕಡ್ಡಿ ಚುಚ್ಚುವುದು ಎಲ್ಲರಿಗೂ ಗೊತ್ತು. ಹಸಿ ಹಿಟ್ಟು ಅಂಟಬಾರದು, ಒಂದೆರಡು ಪುಡಿ ಅಂಟಿದರೆ ಸರಿಯೇ. ಕಡ್ಡಿ ಪೂರ್ತಿ ಶುಭ್ರವಾಗಿ ಬರುವವರೆಗೆ ಕಾದರೆ ಕೋಕೋ ಕೇಕ್ ಒಣಗಿಹೋಗುತ್ತದೆ. ಇನ್ನೊಂದು ಗುರುತು, ಅಂಚು ತಟ್ಟೆಯನ್ನು ಬಿಡಲು ಶುರು ಮಾಡುತ್ತದೆ. ಮೊದಲ 25 ನಿಮಿಷ ಮಾತ್ರ ಬಾಗಿಲು ತೆಗೆಯಬೇಡಿ, ಮಕ್ಕಳು ಎಷ್ಟು ಕಾಡಿದರೂ.

ಡೈರಿಯಲ್ಲಿ ಇಲ್ಲದ್ದು

ಇಷ್ಟೆಲ್ಲ ಸರಿಮಾಡಿದ ಮೇಲೆ ಕೇಕ್ ಉಬ್ಬಿತು, ಕುಳಿ ಬೀಳಲಿಲ್ಲ, ಸೋಪಿನ ರುಚಿ ಹೋಯಿತು. ಆದರೂ ಅಮ್ಮನ ಕೇಕ್ ಆಗಲಿಲ್ಲ. ಏನೋ ಒಂದು ಕಡಿಮೆ.

ಕೊನೆಗೆ ಒಂದು ಭಾನುವಾರ ತೂಕದ ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು ಮಂಡ್ಯಕ್ಕೆ ಹೋದೆ. ಅಮ್ಮನಿಗೆ ಏನೂ ಅಳೆಯಬೇಡ, ನಿನ್ನ ಪಾಡಿಗೆ ಮಾಡು ಅಂದೆ. ಅವಳು ಮುಟ್ಟುವ ಮೊದಲು ಒಂದೊಂದು ಡಬ್ಬಿಯನ್ನೂ ತೂಗಿದೆ, ಮುಟ್ಟಿದ ಮೇಲೆ ಮತ್ತೆ ತೂಗಿದೆ. ಕಡಿಮೆಯಾದಷ್ಟು ಕೇಕಿಗೆ ಹೋಗಿದೆ ಅಂತ ಲೆಕ್ಕ. ಹಳೇ ರೆಸಿಪಿ ಬರೆದಿಟ್ಟುಕೊಳ್ಳಬೇಕು ಅನ್ನುವ ಎಲ್ಲರಿಗೂ ನಾನು ಹೇಳುವುದು ಇದನ್ನೇ. ಎಷ್ಟು ಹಾಕ್ತೀಯ ಅಂತ ಕೇಳಿದರೆ ‘ಹಾಕ್ತಾ ಹಾಕ್ತಾ ಗೊತ್ತಾಗುತ್ತೆ’ ಅಂತಾರೆ, ಅದು ನಿಜ ಕೂಡ. ಕೈಗೆ ಗೊತ್ತಿರುವುದು ಬಾಯಿಗೆ ಬರುವುದಿಲ್ಲ. ಡಬ್ಬಿ ತೂಗಿದರೆ ಸಿಗುತ್ತದೆ. ಆ ತಿಂಗಳಲ್ಲಿ ಮೂರು ಸಲ ಹೀಗೆ ಮಾಡಿಸಿದೆ. ಮೈದಾ 128, 131, 127 ಗ್ರಾಂ. ಎಪ್ಪತ್ತು ದಾಟಿದ ಕೈ.

ಮೊದಲ ಭಾನುವಾರವೇ ಉತ್ತರ ಸಿಕ್ಕಿತು. ಕೋಕೋವನ್ನು ಬಟ್ಟಲಿಗೆ ಹಾಕಿದ ಮೇಲೆ ಅಮ್ಮ ಹಿಂದಕ್ಕೆ ತಿರುಗಿ ಕಾಫಿ ಫಿಲ್ಟರ್ ಎತ್ತಿಕೊಂಡಳು. ಬೆಳಗಿನ ಬಿಸಿ ಡಿಕಾಕ್ಷನ್ ಎರಡು ದೊಡ್ಡ ಚಮಚ ಕೋಕೋದ ಮೇಲೆ ಸುರಿದು ಗಂಟಿಲ್ಲದ ಹಾಗೆ ಕಲಸಿದಳು. ಡೈರಿಯಲ್ಲಿ ಅದು ಎಲ್ಲೂ ಇಲ್ಲ. ಯಾಕೆ ಬರೆದಿಲ್ಲ ಅಂದೆ. “ಅದನ್ನೂ ಬರೀಬೇಕಾ?” ಅಂದಳು.

ಡಿಕಾಕ್ಷನ್ ಎರಡು ಕೆಲಸ ಮಾಡುತ್ತದೆ. ಬಿಸಿ ನೀರು ತಾಗಿದಾಗ ಕೋಕೋದ ಕಣ ನೀರು ಹೀರಿ ಬಿಚ್ಚಿಕೊಳ್ಳುತ್ತದೆ, ಒಳಗಿನ ವಾಸನೆ ಹೊರಗೆ ಬರುತ್ತದೆ. ಒಣ ಕೋಕೋವನ್ನು ಹಾಗೇ ಮೈದಾಕ್ಕೆ ಬೆರೆಸಿದರೆ ಇದು ಆಗುವುದಿಲ್ಲ. ಇನ್ನು ಕಾಫಿ ಬೀಜವೂ ಕೋಕೋ ಬೀಜವೂ ಹುರಿದವೇ. ಹುರಿದಾಗ ಹುಟ್ಟುವ ಕಹಿ, ಘಮ ಎರಡರಲ್ಲೂ ಹತ್ತಿರದ ನೆಂಟರು. ಕೇಕಿನಲ್ಲಿ ಕಾಫಿಯ ರುಚಿ ತಿಳಿಯುವುದಿಲ್ಲ, ಚಾಕೊಲೇಟಿನ ರುಚಿ ಗಟ್ಟಿಯಾಗುತ್ತದೆ.

ಈಗ ನನ್ನ ಲೆಕ್ಕ ಹೀಗಿದೆ. ಮನೆ ಬೆಣ್ಣೆ 113 ಗ್ರಾಂ, ಚಿರೋಟಿ ರವೆ ಹದದ ಸಕ್ಕರೆ 190 ಗ್ರಾಂ, ಎರಡನ್ನೂ ಬಣ್ಣ ಬಿಳುಪಾಗುವವರೆಗೆ ಉಜ್ಜಬೇಕು. ಫಾರಂ ಮೊಟ್ಟೆ ಎರಡು, ಒಂದಾದ ಮೇಲೆ ಒಂದು. ಹುಳಿ ಕೋಕೋ 32 ಗ್ರಾಂ, ಎರಡು ದೊಡ್ಡ ಚಮಚ ಬಿಸಿ ಡಿಕಾಕ್ಷನ್‌ನಲ್ಲಿ ಕಲಸಿ ಆರಿಸಿದ್ದು. ಮೈದಾ 130 ಗ್ರಾಂ, ಅದರ ಜೊತೆ ಒಂದೂವರೆ ಗ್ರಾಂ ಸೋಡಾ ಜರಡಿ ಹಿಡಿದು. ಹುಳಿ ಮಜ್ಜಿಗೆ 105 ಮಿಲಿಲೀಟರ್, ಮೊಟ್ಟೆ ದೊಡ್ಡದಾದ್ದರಿಂದ ಒಂದು ದೊಡ್ಡ ಚಮಚ ಕಡಿಮೆ. ಮೈದಾ, ಮಜ್ಜಿಗೆ ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ. ಏಳು ಇಂಚಿನ ತಟ್ಟೆ, ನಿಜವಾದ 175 ಡಿಗ್ರಿ, 35ರಿಂದ 40 ನಿಮಿಷ. ತೆಗೆದ ಮೇಲೆ ಹತ್ತು ನಿಮಿಷ ತಟ್ಟೆಯಲ್ಲೇ ಬಿಡಬೇಕು.

ಹುಟ್ಟುಹಬ್ಬ ಸೋಮವಾರವೋ ಶನಿವಾರವೋ ಬಂದರೆ ನಮ್ಮಲ್ಲಿ ಮೊಟ್ಟೆ ಮುಟ್ಟುವುದಿಲ್ಲ. ಅದಕ್ಕೆ ಡೈರಿಯ ಅದೇ ಪುಟದ ಅಂಚಿನಲ್ಲಿ “ವಾರ ಇದ್ದರೆ ಗಟ್ಟಿ ಮೊಸರು” ಅಂತ ಅಡ್ಡಡ್ಡ ಬರೆದಿದೆ. ಎರಡು ಮೊಟ್ಟೆಗೆ 100 ಗ್ರಾಂ ಗಟ್ಟಿ ಮೊಸರು. ಮೊಟ್ಟೆಯಲ್ಲಿ ಮುಕ್ಕಾಲು ಪಾಲು ನೀರೇ ಇರುವುದರಿಂದ ತೇವದ ಲೆಕ್ಕ ಸರಿಹೋಗುತ್ತದೆ. ಆದರೆ ಬೆಂದು ಗಟ್ಟಿಯಾಗಿ ಗೋಡೆ ಹಿಡಿಯುವ ಕೆಲಸವನ್ನು ಮೊಸರು ಮಾಡುವುದಿಲ್ಲ. ಸಕ್ಕರೆಯನ್ನು 160 ಗ್ರಾಂಗೆ ಇಳಿಸಿ, ಐದಾರು ನಿಮಿಷ ಜಾಸ್ತಿ ಬೇಯಿಸಿ, ಪೂರ್ತಿ ಆರಿದ ಮೇಲೆ ಕತ್ತರಿಸಿ.

ಮೇಲಿನ ಸಾಸಿಗೆ ಅಮ್ಮ ಬರೆದಿರುವುದು: ಅರ್ಧ ಪಾವು ಸಕ್ಕರೆ, ಕಾಲು ಪಾವು ಹಾಲು, ಎರಡು ದೊಡ್ಡ ಚಮಚ ಕೋಕೋ, ‘ಒಂದೆಳೆ ಬರೋವರೆಗೆ’, ಇಳಿಸಿ ನೆಲ್ಲಿಕಾಯಿ ಗಾತ್ರ ಬೆಣ್ಣೆ. ಮೈಸೂರು ಪಾಕ್ ಮಾಡಿ ಗೊತ್ತಿರುವವರಿಗೆ ಎಳೆ ಪಾಕ ಹೇಳಿಕೊಡಬೇಕಿಲ್ಲ. ಒಂದು ಹನಿ ಬೆರಳುಗಳ ನಡುವೆ ಹಿಡಿದು ಬಿಡಿಸಿದರೆ ಒಂದು ದಾರ ನಿಲ್ಲಬೇಕು. ನಾನು ಮೊದಮೊದಲು ಇದಕ್ಕೂ ಥರ್ಮಾಮೀಟರ್ ಇಟ್ಟೆ. ಪಾಕ ಗಟ್ಟಿಯಾಗುತ್ತಲೇ ಬಂತು. ಹೊರದೇಶದ ಪುಸ್ತಕಗಳ ಡಿಗ್ರಿ ಸಮುದ್ರಮಟ್ಟದ್ದು. ಮೈಸೂರಿನಲ್ಲಿ ನೀರು 97 ಡಿಗ್ರಿ ದಾಟುತ್ತಿದ್ದ ಹಾಗೆ ಕುದಿಯುತ್ತದೆ, ಪಾಕವೂ ಎರಡೂವರೆ ಡಿಗ್ರಿ ಮೊದಲೇ ಹದಕ್ಕೆ ಬರುತ್ತದೆ. ಅವರ ಡಿಗ್ರಿಗೆ ಕಾದರೆ ಎರಡೆಳೆ ದಾಟಿ ಬರ್ಫಿಯಾಗುತ್ತದೆ. ಎಳೆಗೆ ಎತ್ತರದ ಹಂಗಿಲ್ಲ. ಪಾಕದಲ್ಲಿ ಎಷ್ಟು ನೀರು ಉಳಿದಿದೆ ಅಂತ ಅದು ನೇರವಾಗಿ ಹೇಳುತ್ತದೆ. ಸಾಸಿಗೆ ಮಾತ್ರ ಈಗ ಥರ್ಮಾಮೀಟರ್ ಹೊರಗೆ ತೆಗೆಯುವುದಿಲ್ಲ.

ಬಿಸಿ ಸಾಸನ್ನು ಬೆಚ್ಚಗಿರುವ ಕೇಕಿನ ಮೇಲೆ ಸುರಿದು ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಡಿ. ಮಾರನೇ ದಿನ ಕತ್ತರಿಸಿ. ಅಷ್ಟರಲ್ಲಿ ಮೇಲಿನ ತೇವ ಒಳಗಿಳಿದಿರುತ್ತದೆ, ಅಂಚು ನಡು ಒಂದೇ ಮೆತ್ತಗಾಗಿರುತ್ತದೆ. ಸೋಡಾದ ಹಿಡಿ ಮುರಿದ ಚಮಚವನ್ನು ಅಮ್ಮ ಕಾಗದದಲ್ಲಿ ಸುತ್ತಿ ನನ್ನ ಚೀಲಕ್ಕೆ ಹಾಕಿಕೊಟ್ಟಳು. ಅದು ಈಗ ಮೈಸೂರಿನಲ್ಲಿ, ನಮ್ಮ ಸೋಡಾ ಡಬ್ಬಿಯೊಳಗಿದೆ.